ಗಾಡಿ ಸಿಕ್ಕಿತು, ಗುಂಡುತೋಪು ಸಿಗಲಿಲ್ಲ

ಮೂರು ವಾರದಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ಕಾರವಾನ್. ಒಳಗೇ ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಇರುವ ದೊಡ್ಡ ವ್ಯಾನು. ಅದನ್ನು ಬಾಡಿಗೆಗೆ ಹಿಡಿದು ಮಂಡ್ಯದಿಂದ ನೀಲಗಿರಿಗೆ ಹೋಗಬೇಕು, ಎಮರಾಲ್ಡ್ ಕೆರೆ ಕಾಣುವ ಹಾಗೆ ನಿಲ್ಲಿಸಿ ಎರಡು ರಾತ್ರಿ ಗಾಡಿಯಲ್ಲೇ ಮಲಗಬೇಕು ಅಂತ ನನ್ನ ಆಸೆ. ವಿಡಿಯೋ ನೋಡಿ ಹುಟ್ಟಿದ ಆಸೆ, ಒಪ್ಪಿಕೊಳ್ಳುತ್ತೇನೆ. ಹಿಂದಿನ ಬಾಗಿಲು ತೆಗೆದರೆ ನೀರು, ಆಚೆ ಬೆಟ್ಟ, ಕೈಯಲ್ಲಿ ಕಾಫಿ. ಆ ಕಾಫಿ ಲೋಟ ತೊಳೆದ ನೀರು ಎಲ್ಲಿಗೆ ಹೋಯಿತು ಅಂತ ಮಾತ್ರ ಯಾರೂ ತೋರಿಸುವುದಿಲ್ಲ.

ಮನೆಯಲ್ಲಿ ಹೇಳಿದಾಗ ಅವ್ವನಿಗೆ ಕೇಳಿಸಿದ್ದು ಒಂದೇ. "ಉಣ್ಣೋ ಮಗ್ಗುಲಲ್ಲೇ ಕಕ್ಕಸ್ಸಾ? ಥೂ!" ಹೆಂಡತಿ ಇನ್ನೂ ನೇರವಾಗಿ ಬಂದಳು. "ರೀ, ಅಲ್ಲಿ ಅಡುಗೆ ಮಾಡೋದು ಯಾರು? ನಾನೇ ತಾನೇ? ಮತ್ತೆ ನನಗೇನು ಪ್ರವಾಸ ಅದು?" ಇದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಮೈಸೂರಿಗೆ ಹೋಗಿ ಒಂದು ಗಾಡಿ ನೋಡಿದೆ. ಐದು ಜನ ಮಲಗಬಹುದು ಅಂತ ಫೋನಿನಲ್ಲಿ ಹೇಳಿದ್ದರು. ಐದನೆಯ ಹಾಸಿಗೆ ಅಂದರೆ ಊಟದ ಮೇಜು. ಕಾಲು ಮಡಚಿ, ಹಲಗೆ ಕೆಳಗಿಳಿಸಿ, ಮೇಲೆ ಎರಡು ದಿಂಬು ಜೋಡಿಸಬೇಕು. ಅದರ ಮೇಲೆ ಮಲಗಿ ನೋಡಿದೆ. ತಲೆ ಫ್ರಿಜ್ಜಿಗೆ ತಾಗಿತು, ಪಾದ ಎರಡೂ ನಡೆದಾಡುವ ಜಾಗಕ್ಕೆ ಚಾಚಿಕೊಂಡವು. ಡ್ರೈವರ್ ನಗು ತಡೆದುಕೊಂಡು, "ಮಕ್ಕಳಿಗೆ ಸಾಕು ಸಾರ್" ಅಂದರು. ನನ್ನ ಮಗ ನನಗಿಂತ ಎರಡು ಇಂಚು ಉದ್ದ.

ನೀರಿನ ಟ್ಯಾಂಕು 100 ಲೀಟರ್. ತಲಾ ಒಂದು ಬಕೆಟ್ ಸ್ನಾನ ಮಾಡಿದರೆ ಐದು ಜನಕ್ಕೇ ಮುಗಿಯಿತು. ತುಂಬಿಸಿಕೊಂಡರೆ ಒಂದು ಕ್ವಿಂಟಾಲ್ ಭಾರ ಹೊತ್ತು ಘಾಟಿ ಹತ್ತಬೇಕು. ಕರೆಂಟ್ ಲೆಕ್ಕ ಇನ್ನೂ ಬಿಗಿ. 12 ವೋಲ್ಟಿನ, 100 ಆಂಪಿಯರ್ ಅವರ್‌ನ ಒಂದು ಬ್ಯಾಟರಿಯಲ್ಲಿ ಇರುವುದು, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು 1.2 ಯೂನಿಟ್. 2000 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಮುಕ್ಕಾಲು ಗಂಟೆಯೂ ಬರುವುದಿಲ್ಲ. ಹಾಗಾಗಿ ಗ್ಯಾಸ್ ಒಲೆಯೇ ಗತಿ. ಜೊತೆಗೆ ಕುಕ್ಕರ್. ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅನ್ನ ಬೇಗ ಬೇಯುವುದಿಲ್ಲ. ಮುದ್ದೆಯ ಎಸರು ಏನು ಮಾಡುತ್ತದೋ ಹೋಗಿಯೇ ನೋಡಬೇಕು.

ದಾರಿ ನಮಗೆ ಹೊಸದಲ್ಲ. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದ ಹೀಗೇ. ನಸುಕಿನಲ್ಲಿ ಮಂಡ್ಯ ಬಿಟ್ಟರೆ ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರಬಹುದು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿರದ ದಾರಿ, ಆದರೆ 36 ಹೇರ್‌ಪಿನ್ ತಿರುವು. ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಇಳಿಯಲು ಬಿಡುವುದೂ ಇಲ್ಲ. ಇಷ್ಟು ದೊಡ್ಡ ಗಾಡಿಗೆ ಗೂಡಲೂರು ಕಡೆಯ ದಾರಿಯೇ ಸರಿ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು, ಅದು ಮೊಬೈಲಿನಲ್ಲೇ ಆಗುತ್ತದೆ. ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವಂತಿಲ್ಲ. ಮಳೆಗಾಲದಲ್ಲಂತೂ ಹೋಗಲೇಬಾರದು. 2019ರ ಆಗಸ್ಟ್‌ನಲ್ಲಿ ಎಮರಾಲ್ಡ್ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗಿಂತ ಜಾಸ್ತಿ ಮಳೆ ಸುರಿಯಿತು. ಜನವರಿಯಲ್ಲಿ ಅದೇ ಜಾಗದಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ನಾವು ಹೊರಟಿರುವುದು ಮಾರ್ಚ್ ಮೊದಲ ವಾರ.

ಇಷ್ಟೆಲ್ಲ ಒಂದು ಸಂಜೆಯಲ್ಲಿ ಮುಗಿಯಿತು. ಬಾಕಿ ಮೂರು ವಾರ ಹೋಗಿದ್ದು ಒಂದೇ ಪ್ರಶ್ನೆಗೆ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸೋದು?

ಕೆರೆ ದಡದಲ್ಲಿ ಆಗುವುದಿಲ್ಲ. ಎಮರಾಲ್ಡ್ ಅಂದರೆ ವಿದ್ಯುತ್ ಯೋಜನೆಯ ಅಣೆಕಟ್ಟಿನ ಹಿನ್ನೀರು, ಸುತ್ತ ಅರಣ್ಯ ಇಲಾಖೆಯ ಜಾಗ. ಬಿಡಬಾರದು ಕೂಡ. ಅಲ್ಲಿ ಕಾಟಿ, ಚಿರತೆ ಓಡಾಡುತ್ತವೆ, ನಾವು ಒಲೆ ಹಚ್ಚಿಕೊಂಡು ಹಾಡು ಹಾಕಿಕೊಂಡು ಕೂರುವುದು ಯಾವ ನ್ಯಾಯ? ರಸ್ತೆ ಬದಿ ಬೇಡ. ಪೆಟ್ರೋಲ್ ಬಂಕಿನಲ್ಲಿ ಒಂದು ರಾತ್ರಿ ಬಿಡಬಹುದು, ಆದರೆ ಬಂಕ್ ನೋಡಿಕೊಂಡು ಕಾಫಿ ಕುಡಿಯೋಕೆ ಅಷ್ಟು ದೂರ ಯಾಕೆ, ಮದ್ದೂರಿನಲ್ಲೇ ಆಗುತ್ತೆ ಅಲ್ವಾ?

ಆಮೇಲೆ ಆ ಡಬ್ಬಿ. ಕಕ್ಕಸಿನ ಅಡಿಯಲ್ಲಿ ಸೂಟ್‌ಕೇಸಿನಂಥ ಒಂದು ಡಬ್ಬಿ ಇರುತ್ತದೆ, ಸುಮಾರು 20 ಲೀಟರ್ ಹಿಡಿಯುವಂಥದ್ದು. ಗಾಡಿಯ ಹೊರಗಿನಿಂದ ಸಣ್ಣ ಬಾಗಿಲು ತೆಗೆದು ಎಳೆಯಬೇಕು. ಹಿಡಿ ಇದೆ, ಎರಡು ಪುಟ್ಟ ಗಾಲಿಯೂ ಇದೆ. ಐದು ಜನ ಇದ್ದರೆ ಒಂದೇ ದಿನಕ್ಕೆ ತುಂಬುತ್ತದೆ. "ಎಲ್ಲಿ ಖಾಲಿ ಮಾಡ್ತೀರಿ ಅಣ್ಣ?" ಅಂತ ಡ್ರೈವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಾರೀಲಿ ಎಲ್ಲಾದ್ರೂ ನೋಡ್ಕೊಂಡು..." ಅಂದರು. ಎಲ್ಲಾದ್ರೂ ಅಂದರೆ ಕಾಡು, ಇಲ್ಲ ಮೋರಿ. ಅವರದ್ದು ತಪ್ಪು ಅಂತ ಹೇಳೋಕೆ ಬಾಯಿ ಬರಲಿಲ್ಲ. ಸುರಿಯೋಕೆ ಇಂಥ ಜಾಗ ಅಂತ ಯಾರು ಮಾಡಿಕೊಟ್ಟಿದ್ದಾರೆ?

ಈ ಗೋಳು ಹೇಳಿಕೊಳ್ಳುವಾಗ ಅವ್ವ ಅವರೆಕಾಳು ಬಿಡಿಸುತ್ತಾ ಕೂತಿದ್ದಳು. "ಯಾಕ್ಲಾ, ತೋಪು ಇಲ್ವಾ ಅಲ್ಲಿ?" ಅಂದಳು.

ಅವಳ ತವರು ಮಳವಳ್ಳಿ ಕಡೆ. ಅವರಪ್ಪ ಮುಡುಕುತೊರೆ ಜಾತ್ರೆಗೆ ಗಾಡಿ ಕಟ್ಟುತ್ತಿದ್ದರಂತೆ. ಬಿದಿರಿನ ಕಮಾನು, ಒಳಗೆ ಹುಲ್ಲು ಹಾಸಿ ಮೇಲೆ ಜಮಖಾನ. ಗಾಡಿಯ ಕೆಳಗೆ ಲಾಟೀನು, ಕೀಲೆಣ್ಣೆ ಡಬ್ಬಿ, ಎತ್ತಿಗೆ ಹುರುಳಿ ಬೇಯಿಸುವ ಮಡಕೆ. ಕತ್ತಲಾದರೆ ದಾರಿಯ ಗುಂಡುತೋಪಿನಲ್ಲಿ ಎತ್ತಿನ ಕೊರಳು ಬಿಚ್ಚುವುದು. ಮಾವು, ನೇರಳೆ, ಹುಣಸೆ ಮರಗಳ ನೆರಳು, ಪಕ್ಕದಲ್ಲಿ ಬಾವಿ ಇಲ್ಲ ಕಟ್ಟೆ. ಮೂರು ಕಲ್ಲು ಇಟ್ಟರೆ ಒಲೆ. ಹೆಂಗಸರು ಮಕ್ಕಳು ಗಾಡಿಯೊಳಗೆ, ಗಂಡಸರು ಗಾಡಿಯ ಕೆಳಗೆ. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಯಾಕೆಂದರೆ ತೋಪು ಇದ್ದದ್ದೇ ದಾರಿಹೋಕರಿಗೆ, ದನಕರುಗಳಿಗೆ.

ನಾನು ಬೆಪ್ಪಾದೆ. ಗಾಡಿಯಲ್ಲಿ ಮನೆ ಕಟ್ಟಿಕೊಂಡು ಹೋಗುವುದು ಹೊರದೇಶದವರ ಶೋಕಿ ಅಂದುಕೊಂಡಿದ್ದೆ. ನಮ್ಮ ತಾತಂದಿರು ಮಾಡಿದ್ದೂ ಅದನ್ನೇ. ವ್ಯತ್ಯಾಸ ಇಷ್ಟೇ, ಅವರಿಗೆ ನಿಲ್ಲುವ ಜಾಗ ಮೊದಲೇ ಇತ್ತು. ನಮ್ಮ ಹತ್ತಿರ ಸೋಲಾರ್ ಹಾಕಿದ ಗಾಡಿ ಇದೆ, ಇಳಿಸೋಕೆ ತಾವಿಲ್ಲ. ಪಹಣಿಯಲ್ಲಿ ಗುಂಡುತೋಪು ಅಂತಲೇ ಇರುತ್ತದೆ, ಹೋಗಿ ನೋಡಿದರೆ ಎಷ್ಟೋ ಕಡೆ ಕಟ್ಟಡ, ಸೈಟು. ಕೆಲವು ಕಡೆ ಒಂದು ಹುಣಸೆಮರ ಉಳಿದಿದೆ, ಅದರ ಬುಡದಲ್ಲಿ ಕಸ.

ಕೇರಳದವರು 2021ರಲ್ಲೇ ಕಾರವಾನ್ ಪ್ರವಾಸಕ್ಕೆ ಅಂತ ನೀತಿ ತಂದರು, ಮಾರನೆಯ ವರ್ಷ ವಾಗಮಣ್‌ನಲ್ಲಿ ಮೊದಲ ಕಾರವಾನ್ ಪಾರ್ಕ್ ಶುರುವಾಯಿತು. ಗಾಡಿಯ ಜೊತೆಗೆ ಜಾಗವನ್ನೂ ಯೋಚಿಸಿದರು, ಅದೇ ಬುದ್ಧಿವಂತಿಕೆ. ನಾನು ಕೇಳುವುದು ರೆಸಾರ್ಟನ್ನಲ್ಲ. ಗುಂಡ್ಲುಪೇಟೆಯ ಈಚೆ ಒಂದು ಎಕರೆ, ಹತ್ತು ಹೊಂಗೆ ಮರ, ಒಂದು ನಲ್ಲಿ, ನಾಲ್ಕು ಪ್ಲಗ್ಗು, ಡಬ್ಬಿ ಖಾಲಿ ಮಾಡೋಕೆ ಒಂದು ಮುಚ್ಚಿದ ಗುಂಡಿ. ದುಡ್ಡು ತಗೊಳ್ಳಲಿ. ಶಬರಿಮಲೆಗೆ, ಮಾದಪ್ಪನ ಬೆಟ್ಟಕ್ಕೆ ಬಸ್ಸು ಮಾಡಿಕೊಂಡು ಪಾತ್ರೆ ಪಗಡ ಹೇರಿಕೊಂಡು ಹೋಗುವವರೂ ಅಲ್ಲೇ ಅಡುಗೆ ಮಾಡಬಹುದು. ಈಗ ಅವರು ಹೆದ್ದಾರಿ ಬದಿಯಲ್ಲಿ ಲಾರಿಗಳ ಗಾಳಿಗೆ ಒಲೆ ಹಿಡಿದು ಕೂರುತ್ತಾರೆ.

ಸದ್ಯಕ್ಕೆ ಆಗಿರುವುದು ಇಷ್ಟು. ಎಮರಾಲ್ಡ್ ಹತ್ತಿರ ಟೀ ತೋಟದ ಒಬ್ಬರು ಮನೆ ಮುಂದಿನ ಅಂಗಳದಲ್ಲಿ ನಿಲ್ಲಿಸಿಕೊಳ್ಳಿ ಅಂದಿದ್ದಾರೆ. ಅವರದ್ದು ಬಡಗ ಭಾಷೆ, ನಮ್ಮದು ಮಂಡ್ಯದ ಕನ್ನಡ, ಅರ್ಧ ಗಂಟೆ ಮಾತಾಡಿದೆವು, ತೊಂದರೆ ಆಗಲಿಲ್ಲ. ಕರೆಂಟು, ನೀರು ಕೊಡುತ್ತಾರೆ, ಡಬ್ಬಿಯನ್ನು ಅವರ ಕಕ್ಕಸಿಗೇ ಸುರಿಯಬಹುದಂತೆ. ಅಂಗಳದಿಂದ ಕೆರೆಯ ಒಂದು ತುಂಡು ಮಾತ್ರ ಕಾಣುತ್ತದೆ ಅಂತ ಮೊದಲೇ ಹೇಳಿಬಿಟ್ಟರು. ಕೊನೆಗೆ ಅವರು ಕೇಳಿದ್ದು ಗಾಡಿಯ ಎತ್ತರ. ಗೇಟಿನ ಹತ್ತಿರ ಯಾವುದೋ ಮರದ ಕೊಂಬೆ ಬಾಗಿದೆಯಂತೆ. ನಾಳೆ ಟೇಪು ತಗೊಂಡು ಮೈಸೂರಿಗೆ ಹೋಗಬೇಕು. ಹೆಂಡತಿ ಅದೇ ಮನೆಯಲ್ಲಿ ಒಂದು ರೂಮು ಇದೆಯಾ ಅಂತ ಬೇರೆಯಾಗಿ ಫೋನ್ ಮಾಡಿ ಕೇಳಿದ್ದಾಳೆ ಅಂತ ಮಗಳು ಈಗಷ್ಟೇ ಹೇಳಿದಳು.