ಆಜೀವ ಸದಸ್ಯರು

ಕಲಬುರಗಿಯಲ್ಲಿ ಕೆಲವು ಕಣ್ಣಿನ ಡಾಕ್ಟರ ಬೋರ್ಡ್ ಓದಬೇಕಾದರೆ ಮೊದಲು ಕಣ್ಣು ಚೆನ್ನಾಗಿರಬೇಕು. ಮೇಲೆ ದಪ್ಪಗೆ ಹೆಸರು. ಅದರ ಕೆಳಗೆ ಎಂಬಿಬಿಎಸ್, ಎಂಎಸ್. ಅದರ ಕೆಳಗೆ ಆಜೀವ ಸದಸ್ಯ, ಅಖಿಲ ಭಾರತ ಸಂಘ. ಇನ್ನೂ ಕೆಳಗೆ ಆಜೀವ ಸದಸ್ಯ, ರಾಜ್ಯ ಸಂಘ. ಇಳಿಯುತ್ತಾ ಹೋದಂತೆ ಅಕ್ಷರ ಸಣ್ಣದಾಗುತ್ತದೆ, ಥೇಟ್ ಒಳಗೆ ಗೋಡೆಗೆ ನೇತು ಹಾಕಿದ ಚಾರ್ಟಿನ ಹಾಗೆ. ಪರೀಕ್ಷೆ ಬಾಗಿಲಲ್ಲೇ ಮುಗಿಯಿತಲ್ಲ, ಇನ್ನು ಫೀಸು ಯಾತಕ್ಕೆ?

ಸಂಘದಿಂದ ಲಾಭವೇ ಇಲ್ಲ ಎನ್ನುವುದಿಲ್ಲ. ಅಖಿಲ ಭಾರತ ನೇತ್ರತಜ್ಞರ ಸಂಘ 1930ರಿಂದ ಇದೆ. ಒಂದು ಕಾಲದಲ್ಲಿ ಪೊರೆ ಆಪರೇಷನ್ ಆದವರು ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟುಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಈಗ ಮೂರು ಮಿಲಿಮೀಟರಿಗಿಂತ ಸಣ್ಣ ಗಾಯದಲ್ಲಿ ಲೆನ್ಸ್ ಕೂರಿಸಿ ಅದೇ ದಿನ ಮನೆಗೆ ಕಳಿಸುತ್ತಾರೆ. ಇಂಥ ವಿದ್ಯೆ ಊರೂರಿಗೆ ಹಬ್ಬಿದ್ದರಲ್ಲಿ ಸಂಘಗಳ ಪಾಲೂ ಇದೆ. ಇದಕ್ಕೆ ನಗುವುದು ತಪ್ಪು.

ನಗು ಬರುವುದು ಉಳಿದ ಲಾಭಗಳಿಗೆ. ಸಂಘದ ಸಮ್ಮೇಳನಕ್ಕೆ ಹೋದರೆ ಕೊರಳಿಗೆ ಬ್ಯಾಡ್ಜ್, ಹೆಗಲಿಗೆ ಔಷಧ ಕಂಪನಿಯ ಚೀಲ. ಡಾಕ್ಟರು ಐದು ವರ್ಷಕ್ಕೆ 30 ಗಂಟೆ ಹೊಸದಾಗಿ ಕಲಿಯಬೇಕೆಂಬ ನಿಯಮವಿದೆ. ಕೆಲವರು ಬೆಳಿಗ್ಗೆ ಸಹಿ ಹಾಕಿ, ಮಧ್ಯಾಹ್ನ ಊಟ ಮಾಡಿ, ಸಂಜೆ ಸರ್ಟಿಫಿಕೇಟ್ ತಗೊಂಡು ಕಲಿತು ಮುಗಿಸುತ್ತಾರೆ. ನಡುವೆ ಕಲಬುರಗಿ ಕೋಟೆಯನ್ನೂ ನೋಡಿ ಬಂದಿರುತ್ತಾರೆ, ಪಾಪ.

ಬಂದ ಅತಿಥಿಗೆ ಶಾಲು, ಹಾರ, ಬಿದ್ರಿ ಹೂಜಿ. ಬೀದರಿನ ಕಸುಬುದಾರ ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಗೀರಿನೊಳಗೆ ಕೂರಿಸಿ, ಬೀದರ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡಿದ ಹೂಜಿ. ನಲವತ್ತು ದಾಟಿದ ಮೇಲೆ ಚಾಳೀಸು ಇಲ್ಲದೆ ಆ ಕೆಲಸ ಆಗುವುದೇ ಇಲ್ಲ. ಹೂಜಿ ವೇದಿಕೆ ಹತ್ತುತ್ತದೆ. ಅದನ್ನು ಮಾಡಿದವನು ಚಾಳೀಸಿನ ದಾರ ಬಿಗಿದುಕೊಂಡು ಮುಂದಿನ ಸಮ್ಮೇಳನದ ಆರ್ಡರಿಗೆ ಕೂರುತ್ತಾನೆ.

ಚುನಾವಣೆಯೂ ಉಂಟು. ಸದಸ್ಯರಿಗೆ ಮಾತ್ರ ಓಟು. ವೇದಿಕೆ ಮೇಲೆ ಹಿಂದಿನ ಅಧ್ಯಕ್ಷರು, ಇಂದಿನ ಅಧ್ಯಕ್ಷರು, ಮುಂದಿನ ಅಧ್ಯಕ್ಷರು, ಮೂರು ಕಾಲವೂ ಸಾಲಾಗಿ ಕೂತಿರುತ್ತವೆ. ಉಚಿತ ತಪಾಸಣಾ ಶಿಬಿರದಲ್ಲೂ ಅಷ್ಟೇ. ಪಾಪೆ ಅಗಲ ಮಾಡುವ ಹನಿಯನ್ನು ಮೊದಲೇ ಬಿಟ್ಟಿರುತ್ತಾರೆ. ಕೆಲವು ತಾಸು ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಬ್ಬು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ. ಮೇ ತಿಂಗಳ ಬಿಸಿಲು, ಶಾಮಿಯಾನದ ತುಂಬ ತೂತು. ವೇದಿಕೆಯ ಲೈಟು ಬೇರೆ ನೇರ ಮುಖಕ್ಕೆ.

ಆಳಂದದ ಕಡೆಯ ಅಜ್ಜಿಯೊಬ್ಬಳು ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡೇ ಪಕ್ಕದ ಸ್ವಯಂಸೇವಕನನ್ನು ಕೇಳುತ್ತಾಳೆ: "ಯಪ್ಪಾ, ಈಗ ಮಾತಾಡಾಕತ್ತವ್ರು ಮೊದ್ಲಿನವ್ರೇ ಏನು?"

"ಇಲ್ಲ ಆಯಿ, ಇವ್ರು ಮುಂದಿನ ಅಧ್ಯಕ್ಷರು."

"ಮುಂದಿನವ್ರು ಮುಂದಿನ ವರ್ಷ ಬರ್ಲಿ. ನನ್ನ ಈಗ ಒಳಗ ಕರೀರಿ."