ಹಳದಿ ದೇಶ, ಕೆಂಪು ದೇಶ

ಬಂತು ನೋಡಿ ಮತ್ತೆ ಆ ನಕ್ಷೆ. ಯಾವ ದೇಶದಲ್ಲಿ ಭ್ರಷ್ಟಾಚಾರ ಎಷ್ಟು ಅಂತ ಅಂಕ ಕೊಡೋ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ ತನ್ನ ಪಟ್ಟಿ ಬಿಟ್ಟ ಕೂಡಲೇ ಎಲ್ಲರ ಗೋಡೆ ಮೇಲೂ ಅದೇ. ಪಶ್ಚಿಮ ಯುರೋಪು ಹಳದಿ, ಅಂದ್ರೆ ಶುದ್ಧ. ಆಫ್ರಿಕಾ ಬಹುಪಾಲು ಕೆಂಪು, ಅಂದ್ರೆ ಕೊಳಕು. ಕೆಳಗೆ "ಅವರನ್ನ ನೋಡಿ ಕಲೀಬೇಕು ಸ್ವಾಮಿ" ಅನ್ನೋ ಕಾಮೆಂಟುಗಳು. ನಾನು ಬಾಯಿಬಿಟ್ಟರೆ "ಶುರುವಾಯ್ತು ಇವರ ಪುರಾಣ" ಅಂತೀರಿ, ಗೊತ್ತು. ಆದರೂ ಕೇಳಿ.

ಆ ಸೂಚ್ಯಂಕ ಅಳೆಯೋದು ಒಂದು ದೇಶದ ಒಳಗಿನ ಸರ್ಕಾರಿ ಭ್ರಷ್ಟಾಚಾರದ ಬಗ್ಗೆ ತಜ್ಞರಿಗೂ ವ್ಯಾಪಾರಸ್ಥರಿಗೂ ಇರುವ ಅಭಿಪ್ರಾಯವನ್ನ. ಅಷ್ಟೇ. ಆ ದೇಶದ ಕಂಪನಿ ಹೊರಗೆ ಹೋಗಿ ಕೊಟ್ಟ ಲಂಚಕ್ಕೆ ಅಂಕ ಕಡಿಯೋದಿಲ್ಲ. ಲಂಚದ ದುಡ್ಡನ್ನ ಬಚ್ಚಿಟ್ಟುಕೊಂಡ ಬ್ಯಾಂಕಿಗೂ ಇಲ್ಲ. ನಮ್ಮಲ್ಲಿ "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಅಂತಾರೆ. ಇಲ್ಲಿ ಉಲ್ಟಾ: ಇಸ್ಕೊಂಡವನು ಕಳ್ಳ, ಕೊಟ್ಟವನು ಸಭ್ಯ ರಫ್ತುದಾರ.

ತಾಂಜಾನಿಯಾದ ರಾಡಾರ್ ವ್ಯವಹಾರ ತಗೊಳ್ಳಿ. 1999ರಲ್ಲಿ ಬ್ರಿಟನ್ನಿನ ಶಸ್ತ್ರಾಸ್ತ್ರ ತಯಾರಕ ಬಿಎಇ ಕಂಪನಿ ಆ ದೇಶಕ್ಕೆ ಒಂದು ರಾಡಾರ್ ವ್ಯವಸ್ಥೆ ಮಾರಿತು. ಬೆಲೆ ಸುಮಾರು 4 ಕೋಟಿ ಡಾಲರ್, ಪೌಂಡಿನಲ್ಲಿ 2.8 ಕೋಟಿ. ಕೊಂಡವರ ಸೇನೆಯಲ್ಲಿದ್ದ ವಿಮಾನಗಳು ಬೆರಳೆಣಿಕೆಯಷ್ಟು. ನಾಗರಿಕ ವಿಮಾನಗಳಿಗಾದರೂ ಆಗುತ್ತೇನೋ ಅಂದರೆ, ಅದಕ್ಕೆ ಇದು ದುಬಾರಿ, ಸಾಲದು ಕೂಡ, ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ತಜ್ಞರೇ ಹೇಳಿದರು. ಖರೀದಿಗೆ ದುಡ್ಡು ಎಲ್ಲಿಂದ? ಬ್ರಿಟಿಷ್ ಬ್ಯಾಂಕಿನ ಸಾಲ.

ಕಮಿಷನ್ ಹೋದ ದಾರಿ ಗಮನಿಸಿ, ಇದು ಪಠ್ಯಪುಸ್ತಕಕ್ಕೆ ಹಾಕುವಂಥದ್ದು. ಸ್ಥಳೀಯ ಏಜೆಂಟನ ಕಂಪನಿಗಳ ಜೊತೆ ಎರಡು ಒಪ್ಪಂದ. ಒಂದು ಬಿಎಇ ನೇರವಾಗಿ ಮಾಡಿಕೊಂಡದ್ದು, ಶೇ. 1ಕ್ಕೆ ಮೀರದ ಶುಲ್ಕ. ಯಾರಾದರೂ ಕೇಳಿದರೆ ತೋರಿಸಲು ಲಾಯಕ್ಕಾದ ಕಾಗದ. ಇನ್ನೊಂದು ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಬಿಎಇ ಹುಟ್ಟುಹಾಕಿದ್ದ ರೆಡ್ ಡೈಮಂಡ್ ಎಂಬ ಕಂಪನಿಯ ಮೂಲಕ, ಶೇ. 30.025. ಆ 0.025 ನೋಡಿ! ಅಷ್ಟು ಕರಾರುವಾಕ್ಕು ಲೆಕ್ಕ ಹಾಕೋರಿಗೆ ದುಡ್ಡು ಕೊನೆಗೆ ಯಾರ ಜೇಬಿಗೆ ಹೋಯ್ತು ಅನ್ನೋದು ಮಾತ್ರ ಗೊತ್ತಿರಲಿಲ್ಲವಂತೆ. ಎಲ್ಲ ಸೇರಿ 1.24 ಕೋಟಿ ಡಾಲರ್.

ಇದು ಕಂಪನಿಯ ಮನೆದುಡ್ಡಲ್ಲ ಅನ್ನೋದು ನೆನಪಿರಲಿ. ಕಮಿಷನ್ನನ್ನ ಸರಕಿನ ಬೆಲೆಯೊಳಗೇ ತುಂಬುತ್ತಾರೆ. ಬೆಲೆ ಕಟ್ಟೋನು ತಾಂಜಾನಿಯಾದ ತೆರಿಗೆದಾರ, ಅದೂ ಸಾಲದ ಬಡ್ಡಿ ಸಮೇತ. ಅವನ ಕಾಸಿನಲ್ಲೇ ಅವನ ವ್ಯವಸ್ಥೆಯನ್ನ ಕೊಳ್ಳೋದು.

ಇನ್ನು ಸರ್ಕಾರ. ಶಸ್ತ್ರಾಸ್ತ್ರ ರಫ್ತಿಗೆ ಬ್ರಿಟನ್ ತಾನೇ ಬರೆದುಕೊಂಡ ಮಾನದಂಡಗಳಲ್ಲಿ ಎಂಟನೆಯದು, ಕೊಳ್ಳುವ ದೇಶದ ಆರ್ಥಿಕ ಶಕ್ತಿಗೆ ಆ ಸರಕು ಹೊಂದುತ್ತದೆಯೇ ನೋಡಬೇಕು ಅನ್ನುತ್ತೆ. 2001ರ ನವೆಂಬರ್‌ನಲ್ಲಿ ತಾಂಜಾನಿಯಾ ಬಡದೇಶಗಳ ಸಾಲಮನ್ನಾ ಯೋಜನೆಯ ಕೊನೇ ಹಂತ ದಾಟಿತು. ಡಿಸೆಂಬರ್‌ನಲ್ಲಿ ಪ್ರಧಾನಿ ಟೋನಿ ಬ್ಲೇರ್ ಸರ್ಕಾರ ರಾಡಾರಿಗೆ ರಫ್ತು ಪರವಾನಗಿ ಕೊಟ್ಟಿತು. ಒಂದು ತಿಂಗಳ ಅಂತರ. ಅಂತರರಾಷ್ಟ್ರೀಯ ಅಭಿವೃದ್ಧಿ ಸಚಿವೆ ಕ್ಲೇರ್ ಶಾರ್ಟ್ ಸಂಪುಟದೊಳಗೇ ವಿರೋಧಿಸಿದರು. ಯಾರು ಕೇಳ್ತಾರೆ.

2010ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸದರ್ಕ್ ಕ್ರೌನ್ ಕೋರ್ಟಿನಲ್ಲಿ ತೀರ್ಮಾನವಾಯ್ತು. ಬಿಎಇ ಒಪ್ಪಿಕೊಂಡ ಅಪರಾಧ ಲಂಚ ಅಲ್ಲ, "ಲೆಕ್ಕಪತ್ರ ಸರಿಯಾಗಿ ಇಡಲಿಲ್ಲ". ದಂಡ 5 ಲಕ್ಷ ಪೌಂಡ್. ಆ ಏಜೆಂಟ್ ಬರೀ ಒಳ್ಳೇ ಸಂಬಳದ ಲಾಬಿಗಾರ ಅಂತ ನಂಬೋದು ಪರಮ ಮುಗ್ಧತನ ಅನ್ನೋ ಅರ್ಥದ ಮಾತನ್ನ ನ್ಯಾಯಾಧೀಶರೇ ಆಡಿದರು. ಕಂಪನಿ ಹಿಂದೆ ಮಾಡಿದ ಅಪರಾಧಗಳಿಗೆಲ್ಲ ತನಿಖಾ ಸಂಸ್ಥೆ ಸಾರಾಸಗಟು ಅಭಯ ಕೊಟ್ಟಿರೋದು ಕಂಡು ಆಶ್ಚರ್ಯಪಟ್ಟರು. ಆಮೇಲೆ ತಾಂಜಾನಿಯಾದ ಶಾಲೆಗಳ ಪುಸ್ತಕ, ಡೆಸ್ಕುಗಳಿಗೆಂದು ಬಿಎಇ 2.95 ಕೋಟಿ ಪೌಂಡ್ ಕೊಟ್ಟಿತು. ರಾಡಾರಿನ ಬೆಲೆಗಿಂತ ಜಾಸ್ತಿ! ತಪ್ಪೇ ಮಾಡದವರು ಇಷ್ಟು ಧಾರಾಳಿಗಳಾಗಿರೋದನ್ನ ಎಲ್ಲಾದರೂ ಕಂಡಿದ್ದೀರಾ?

ಇದು ಸಣ್ಣ ಮೀನು. ದೊಡ್ಡದು ಇದೇ ಬಿಎಇ ಸೌದಿಗೆ ವಿಮಾನ ಮಾರಿದ ಅಲ್-ಯಮಾಮಾ ವ್ಯವಹಾರ, 1985ರಿಂದ ಶುರುವಾದದ್ದು. ಅದರ ಕಮಿಷನ್ನುಗಳ ಬಗ್ಗೆ ಬ್ರಿಟನ್ನಿನಲ್ಲಿ ನಡೆದಿದ್ದ ತನಿಖೆ ಸ್ವಿಸ್ ಖಾತೆಗಳ ಹತ್ತಿರ ಬರುತ್ತಿದ್ದಾಗ, 2006ರ ಡಿಸೆಂಬರ್ 14ರಂದು ನಿಂತೇಹೋಯ್ತು. ಮುಂದುವರಿಸಿದರೆ ಭಯೋತ್ಪಾದನೆ ಕುರಿತ ಗುಪ್ತಚರ ಸಹಕಾರ ನಿಲ್ಲಿಸ್ತೀವಿ ಅಂತ ಸೌದಿ ಬೆದರಿಕೆ ಹಾಕಿತ್ತು. ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಲಂಚವಿರೋಧಿ ಒಪ್ಪಂದದ ಐದನೇ ವಿಧಿ ಏನನ್ನುತ್ತೆ ಗೊತ್ತಾ? ದೇಶದ ಆರ್ಥಿಕ ಹಿತ, ಪರದೇಶದ ಜೊತೆಗಿನ ಸಂಬಂಧ, ಆರೋಪಿ ಯಾರು ಅನ್ನೋದು, ಈ ಮೂರೂ ತನಿಖೆಯ ಮೇಲೆ ಪ್ರಭಾವ ಬೀರಬಾರದು. ಬ್ರಿಟನ್ ಅದಕ್ಕೆ ಸಹಿ ಹಾಕಿದ ದೇಶ. ಮರುವರ್ಷವೇ ಸೌದಿ ಬ್ರಿಟನ್ ಜೊತೆ 72 ಟೈಫೂನ್ ಯುದ್ಧವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. 2008ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟು "ಬೆದರಿಕೆಗೆ ಮಣಿದದ್ದು ಕಾನೂನುಬಾಹಿರ" ಅಂತು. ಜುಲೈನಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನ ಅಳಿಸಿತು.

"ರಾಷ್ಟ್ರೀಯ ಭದ್ರತೆ ಬೇರೆ, ವ್ಯಾಪಾರ ಬೇರೆ" ಅಂತ ವಾದಿಸೋರಿದ್ದಾರೆ. ಇರಬಹುದು. ಆ ಭದ್ರತೆ ಬೆಲೆಬಾಳುವ ಗಿರಾಕಿಯ ವಿಷಯದಲ್ಲೇ ಯಾಕೆ ಎಚ್ಚರಾಗುತ್ತೆ ಅನ್ನೋದಷ್ಟೇ ನನ್ನ ತಕರಾರು.

ಇನ್ನೊಂದು ವಾದ: "ತಗೊಳ್ಳೋ ಕೈ ಇಲ್ಲದಿದ್ದರೆ ಕೊಡೋದೆಲ್ಲಿಂದ?" ತಗೊಂಡವರನ್ನ ನಾನು ಹೊಗಳ್ತಿಲ್ಲ ಕಣ್ರೀ. 2008ರಲ್ಲಿ ತಾಂಜಾನಿಯಾದ ಸಚಿವರೊಬ್ಬರಿಗೆ ಜೆರ್ಸಿ ಎಂಬ ದ್ವೀಪದಲ್ಲಿದ್ದ ಖಾತೆಯಲ್ಲಿ 10 ಲಕ್ಷ ಡಾಲರಿಗೂ ಹೆಚ್ಚು ಸಿಕ್ಕಿತು. ಅವರು ಅದನ್ನ "ವಿಜಿಸೆಂತಿ" ಅಂದರು, ಸ್ವಾಹಿಲಿಯಲ್ಲಿ ಚಿಲ್ಲರೆ ಕಾಸು. ಅದಕ್ಕೂ ರಾಡಾರಿಗೂ ಸಂಬಂಧ ಇಲ್ಲ ಅಂತ ಹೇಳಿ ರಾಜೀನಾಮೆ ಕೊಟ್ಟರು. ದೇಶ ಇವತ್ತಿಗೂ ಆ ಪದ ಹೇಳಿ ನಗುತ್ತೆ. ಸರಿ. ಆದರೆ ಕೊಡೋದನ್ನ ಕಾನೂನುಬದ್ಧವಾಗಿ ಪೋಷಿಸಿದವರು ಯಾರು? ಜರ್ಮನಿಯಲ್ಲಿ 1999ರವರೆಗೆ ಪರದೇಶದ ಅಧಿಕಾರಿಗೆ ಕೊಟ್ಟ ಲಂಚವನ್ನ "ಉಪಯುಕ್ತ ವೆಚ್ಚ" ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ತೆರಿಗೆ! ಬೋಫೋರ್ಸ್ ಅಂದರೆ ನಮಗೂ ದೆಹಲಿಯೇ ನೆನಪಾಗುತ್ತೆ, ಸ್ವೀಡನ್ ಅಲ್ಲ. ಇದನ್ನ ಬರೀತಿರೋ ನನಗೂ ಮೊದಲು ಹೊಳೆಯೋದು ದೆಹಲಿಯೇ, ಸುಳ್ಳು ಹೇಳಲ್ಲ.

ಅಮೆರಿಕ 1977ರಲ್ಲೇ ಪರದೇಶದ ಲಂಚದ ವಿರುದ್ಧ ಕಾನೂನು ತಂದಿತ್ತು. 2025ರ ಫೆಬ್ರವರಿಯಲ್ಲಿ ಟ್ರಂಪ್ ಅದರ ಜಾರಿಗೆ 180 ದಿನ ತಡೆ ಹಾಕಿ ಆದೇಶ ಹೊರಡಿಸಿದರು. ಕಾರಣ? ಅಮೆರಿಕದ ಕಂಪನಿಗಳಿಗೆ ಸ್ಪರ್ಧೆಯಲ್ಲಿ ತೊಂದರೆಯಂತೆ. ಮುಚ್ಚುಮರೆಯಿಲ್ಲ, ಅದೊಂದನ್ನ ಮೆಚ್ಚಬೇಕು.

ನಕ್ಷೆ ಹಂಚಿಕೊಳ್ಳಿ, ಬೇಡ ಅನ್ನಲ್ಲ. ಸ್ವಲ್ಪ ಹಿಗ್ಗಿಸಿ ನೋಡಿ. ತಾಂಜಾನಿಯಾಕ್ಕೆ ಅಂಕ ಇದೆ, ಬ್ರಿಟನ್ನಿಗೆ ಅಂಕ ಇದೆ. ರೆಡ್ ಡೈಮಂಡ್ ಕೂತಿದ್ದ ವರ್ಜಿನ್ ದ್ವೀಪಗಳಿಗೂ, ಆ ಚಿಲ್ಲರೆ ಕಾಸು ಬಿದ್ದಿದ್ದ ಜೆರ್ಸಿಗೂ ಅಂಕವೇ ಇಲ್ಲ. ಪಟ್ಟಿಯಲ್ಲೇ ಇಲ್ಲ.