ಪರ-ವಿರೋಧ: ಮೂತ್ರಕೋಶದ ಲೋ ಗ್ರೇಡ್ ಗಡ್ಡೆಯ ರಿಪೋರ್ಟಿನಿಂದ ‘ಕಾರ್ಸಿನೋಮಾ’ ಪದವನ್ನು ತೆಗೆಯಬೇಕೇ?

ಪರ: ತೆಗೆಯಲೇಬೇಕು
(ಬರೆದವರು ಪ್ಯಾಥಾಲಜಿ ವೈದ್ಯೆ, ಅಂದರೆ ಬಯಾಪ್ಸಿ ಚೂರು ನೋಡಿ ರೋಗ ಹೇಳುವವರು)

2006ರ ಮಳೆಗಾಲ. ನಾನಾಗ ಪ್ಯಾಥಾಲಜಿ ಪಿಜಿ ಓದುತ್ತಿದ್ದೆ. ಶಿರಸಿ ಕಡೆಯ ನನ್ನ ಸೋದರಮಾವನಿಗೆ ಮೂತ್ರದಲ್ಲಿ ರಕ್ತ ಹೋಗಿತ್ತು. ನೋವು ಸ್ವಲ್ಪವೂ ಇರಲಿಲ್ಲ. ದುರ್ಬೀನು ಹಾಕಿ ನೋಡಿದ ಡಾಕ್ಟರು, ಕಡಲೆಕಾಳಿನಷ್ಟಿದ್ದ ಗಡ್ಡೆಯನ್ನು ಮೂತ್ರದ ದಾರಿಯಲ್ಲೇ ಕೆರೆದು ತೆಗೆದರು. ವಾರದ ಮೇಲೆ ಬಯಾಪ್ಸಿ ರಿಪೋರ್ಟ್ ಬಂತು: ‘ಲೋ ಗ್ರೇಡ್ ಪ್ಯಾಪಿಲ್ಲರಿ ಯೂರೋಥೀಲಿಯಲ್ ಕಾರ್ಸಿನೋಮಾ, ನಾನ್ ಇನ್ವೇಸಿವ್’, ಅಂದರೆ ಒಳಪದರದಲ್ಲಿ ಬೆರಳಿನ ಹಾಗೆ ಬೆಳೆದ, ಆಳಕ್ಕೆ ಇಳಿಯದ, ಸೌಮ್ಯ ಬಗೆಯ ಕ್ಯಾನ್ಸರ್. ಇಷ್ಟುದ್ದದ ಸಾಲಿನಲ್ಲಿ ಮಾವನ ಕಣ್ಣಿಗೆ ಬಿದ್ದಿದ್ದು ಕಾರ್ಸಿನೋಮಾ ಒಂದೇ.

ಅವತ್ತೇ ಮಾವ ಹಾಸಿಗೆ ಹಿಡಿದರು. ಮಗಳ ಮದುವೆಯನ್ನು ಆರು ತಿಂಗಳು ಮುಂಚೆಗೆ ತಂದರು. ಖರ್ಚಿಗೆ ಬೇಕಾಗುತ್ತದೆ ಅಂತ ಅರ್ಧ ಎಕರೆ ಅಡಿಕೆ ತೋಟ ಮಾರಿದರು. ಅತ್ತೆ ಊರಿನವರಿಗೆಲ್ಲ ‘ಕಲ್ಲು ತೆಗೆಸಿದ್ದು’ ಅಂತಲೇ ಹೇಳಿದರು. ನಾನು ಊರಿಗೆ ಹೋದಾಗ ಮಾವ ಕೇಳಿದ ಮೊದಲ ಮಾತು, “ಎಷ್ಟು ದಿನ ಅಂತ ನೀನಾದ್ರೂ ನಿಜ ಹೇಳು ಕೂಸೇ.”

ಆ ಸ್ಲೈಡನ್ನು ತರಿಸಿ ನಾನೇ ನೋಡಿದೆ. ಮೂತ್ರಕೋಶದ ಒಳಗೆ ಒಂದು ತೆಳು ಪದರ ಇರುತ್ತದೆ. ಅದರಲ್ಲಿ ಜೀವಕೋಶಗಳು ಸಾಮಾನ್ಯವಾಗಿ ಐದರಿಂದ ಏಳು ಸಾಲು. ಮಾವನ ಗಡ್ಡೆಯಲ್ಲಿ ಆ ಪದರ ದಪ್ಪವಾಗಿ, ನೀರಲ್ಲಿ ಆಡುವ ಪಾಚಿಯ ಹಾಗೆ ಬೆರಳು ಬೆರಳಾಗಿ ಎದ್ದಿತ್ತು. ಪ್ರತಿ ಬೆರಳಿನ ನಡುವೆ ಒಂದು ಸಣ್ಣ ರಕ್ತನಾಳ. ಸುತ್ತ ಜೀವಕೋಶಗಳು ಒಳ್ಳೆಯ ಅಡಿಕೆ ತೋಟದ ಹಾಗೆ ಸಾಲಾಗಿ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಸ್ವಲ್ಪ ದೊಡ್ಡದು, ಸ್ವಲ್ಪ ಕಪ್ಪು. ಅಷ್ಟೇ. ಬೇರು ಕೆಳಗಿಳಿದಿರಲಿಲ್ಲ. ಹೈ ಗ್ರೇಡ್, ಅಂದರೆ ಉಗ್ರ ಬಗೆಯ ಗಡ್ಡೆ ಹೀಗಿರುವುದಿಲ್ಲ. ಬಿರುಗಾಳಿ ಹೊಕ್ಕ ತೋಟದ ಹಾಗಿರುತ್ತದೆ. ಮೈಕ್ರೋಸ್ಕೋಪಿನ ಸಣ್ಣ ಲೆನ್ಸಿನಲ್ಲೇ ಗೊತ್ತಾಗಿಬಿಡುತ್ತದೆ. ಇವೆರಡಕ್ಕೂ ಒಂದೇ ಹೆಸರು ಯಾಕೆ?

ಹೆಸರು ಬದಲಿಸುವುದು ಹೊಸ ಹುಚ್ಚೇನೂ ಅಲ್ಲ. 1973ರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ಗಡ್ಡೆಗಳಿಗೆ ಗ್ರೇಡ್ 1, 2, 3 ಅಂತಿತ್ತು. 1998ರಲ್ಲಿ ಪ್ಯಾಥಾಲಜಿಸ್ಟರು ಒಟ್ಟಿಗೆ ಕೂತು, ತೀರಾ ಸೌಮ್ಯವಾದವನ್ನು ಬೇರೆ ಮಾಡಿ, ಕಾರ್ಸಿನೋಮಾ ಅನ್ನದೆ ‘ಲೋ ಮಲಿಗ್ನೆಂಟ್ ಪೊಟೆನ್ಷಿಯಲ್’ (ಕೆಡುಕಾಗುವ ಸಾಧ್ಯತೆ ಕಡಿಮೆ) ಇರುವ ಗಡ್ಡೆ ಅಂತ ಕರೆದರು. 2004ರಲ್ಲಿ ಅದು ಸಂಸ್ಥೆಯ ಪುಸ್ತಕಕ್ಕೇ ಬಂತು. ಥೈರಾಯ್ಡಿನ ಒಂದು ಬಗೆಯ ಗಡ್ಡೆಯ ಹೆಸರಿನಿಂದ 2016ರಲ್ಲಿ ಕಾರ್ಸಿನೋಮಾ ಪದವನ್ನೇ ಕಿತ್ತುಹಾಕಿದರು. ಅಲ್ಲಿ ಆಗಿದ್ದು ಇಲ್ಲಿ ಇನ್ನೊಂದು ಮೆಟ್ಟಿಲು ಮುಂದೆ ಯಾಕೆ ಹೋಗಬಾರದು?

ನನಗೆ ತುಂಬಾ ಸಿಟ್ಟು ಬರಿಸುವ ವಿಷಯ ಇನ್ನೊಂದಿದೆ. ನಮ್ಮಲ್ಲಿ ದೊಡ್ಡ ಕಾಯಿಲೆ ಬಂದರೆ ದುಡ್ಡು ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾರುತ್ತಾರಲ್ಲ, ಅದರಲ್ಲಿ ಕ್ಯಾನ್ಸರ್ ಅಂದರೆ ಏನು ಅನ್ನುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವೇ ಒಂದು ವ್ಯಾಖ್ಯೆ ಕೊಟ್ಟಿದೆ. ಮೂತ್ರಕೋಶದ ಆಳಕ್ಕೆ ಇಳಿಯದ ಪ್ಯಾಪಿಲ್ಲರಿ ಗಡ್ಡೆಯನ್ನು, ಅಂದರೆ ಟಿಎ ಹಂತವನ್ನು, ಅದು ಹೊರಗಿಟ್ಟಿದೆ. ಅಂದರೆ ದುಡ್ಡು ಕೊಡುವಾಗ ಇದು ಕ್ಯಾನ್ಸರ್ ಅಲ್ಲ. ರೋಗಿಯನ್ನು ಹೆದರಿಸುವಾಗ ಮಾತ್ರ ಕ್ಯಾನ್ಸರ್. ಇದು ಅನ್ಯಾಯ ಅಲ್ವಾ? ಪಾಲಿಸಿ ಬರೆಯುವವರಿಗೆ ಗೊತ್ತಾಗುವ ವ್ಯತ್ಯಾಸ ರೋಗಿಗೂ ಗೊತ್ತಾಗಲಿ.

ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಕ್ಯಾನ್ಸರ್ ಅನ್ನಲೇಬೇಕು ಅಂತ ಕೆಲವರ ವಾದ. ನರುಲಿಯೂ ಮತ್ತೆ ಮತ್ತೆ ಬರುತ್ತದೆ. ಅದನ್ನು ಯಾರೂ ಕ್ಯಾನ್ಸರ್ ಅನ್ನುವುದಿಲ್ಲ. ಮಾವನಿಗೂ ಎರಡು ಸಲ ಮರಳಿ ಬಂತು. ಎರಡು ಸಲವೂ ಕೆರೆದು ತೆಗೆದು, ಮಾರನೇ ದಿನ ಮನೆಗೆ ಕಳಿಸಿದರು. ಲೋ ಗ್ರೇಡ್ ಗಡ್ಡೆ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ಇಳಿಯುವುದು ನೂರರಲ್ಲಿ ಕೆಲವೇ ಜನರಲ್ಲಿ. ಮಾವ 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡರು, 78 ವರ್ಷಕ್ಕೆ. ಮಾರಿದ ಅರ್ಧ ಎಕರೆಯಲ್ಲಿ ಈಗ ಬೇರೆಯವರು ಅಡಿಕೆ ಕೊನೆ ಕೊಯ್ಯುತ್ತಾರೆ.

ನನ್ನ ಕೈಗೆ ಬಿಟ್ಟರೆ ರಿಪೋರ್ಟಿನಲ್ಲಿ ಹೀಗೆ ಬರೆಯುತ್ತೇನೆ: ‘ಲೋ ಗ್ರೇಡ್ ಪ್ಯಾಪಿಲ್ಲರಿ ಗಡ್ಡೆ. ಆಳಕ್ಕೆ ಇಳಿದಿಲ್ಲ. ಮೂರು ತಿಂಗಳಿಗೆ ದುರ್ಬೀನು ಪರೀಕ್ಷೆ ಮಾಡಿಸಿ.’

ವಿರೋಧ: ಪದ ಇರಲಿ
(ಬರೆದವರು ಯೂರಾಲಜಿ, ಅಂದರೆ ಮೂತ್ರರೋಗ ವೈದ್ಯರು)

ವಿರೋಧವಾಗಿ ಬರೆಯಿರಿ ಅಂತ ಸಂಪಾದಕರು ಕೇಳಿದರು. ನಿಜ ಹೇಳಬೇಕೆಂದರೆ ನನಗೆ ಈ ವಿಷಯದಲ್ಲಿ ಅರ್ಧ ಒಪ್ಪಿಗೆ, ಅರ್ಧ ಅಂಜಿಕೆ. ಅಂಜಿಕೆಯ ಪಾಲನ್ನು ಇಲ್ಲಿ ಬರೆಯುತ್ತೇನೆ.

ಹೆಸರು ಬದಲಿಸಿದರೆ ರೋಗವೇ ಹೋಗಿಬಿಡುತ್ತದೆ ಅನ್ನುವ ಹಾಗೆ ಮಾತಾಡುವವರು ಜಾಸ್ತಿ ಆಗಿದ್ದಾರೆ. ಗಡ್ಡೆಗೆ ತನ್ನ ಹೆಸರು ಗೊತ್ತಿಲ್ಲ. ಲೋ ಗ್ರೇಡ್ ಗಡ್ಡೆ ಹತ್ತಿರ ಹತ್ತಿರ ಅರ್ಧ ಜನರಲ್ಲಿ ಮತ್ತೆ ಬರುತ್ತದೆ. ಅದಕ್ಕೆ ಕಾರಣ ಇದೆ. ಬೀಡಿ, ಸಿಗರೇಟಿನ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಸೋಸಿ, ಮೂತ್ರದ ಜೊತೆ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದೆ. ಬಣ್ಣದ ಕಾರ್ಖಾನೆಯ ರಾಸಾಯನಿಕಗಳೂ ಹಾಗೇ. ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಇದನ್ನು ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಕಂಡು 1895ರಲ್ಲೇ ಹೇಳಿದ್ದರು. ಆ ವಿಷದಲ್ಲಿ ನೆನೆಯುವುದು ಮೂತ್ರಕೋಶದ ಇಡೀ ಒಳಪದರ. ನಾವು ಕೆರೆದು ತೆಗೆಯುವುದು ಒಂದು ಜಾಗದ್ದು.

ಇನ್ನು ಗ್ರೇಡಿನ ಮಾತು. ಒಂದೇ ಸ್ಲೈಡನ್ನು ಇಬ್ಬರು ಒಳ್ಳೆಯ ಪ್ಯಾಥಾಲಜಿಸ್ಟರಿಗೆ ತೋರಿಸಿದರೆ ಕೆಲವೊಮ್ಮೆ ಎರಡು ಉತ್ತರ ಬರುತ್ತದೆ. ಒಂದೇ ಗಡ್ಡೆಯ ಒಂದು ಮೂಲೆ ಲೋ ಗ್ರೇಡ್, ಇನ್ನೊಂದು ಮೂಲೆ ಹೈ ಗ್ರೇಡ್ ಇರುವುದೂ ಉಂಟು. ನಾವು ಕಳಿಸಿದ ಚೂರುಗಳು ಕೆರೆಯುವಾಗಿನ ಬಿಸಿಗೆ ಸುಟ್ಟಿದ್ದರೆ, ಅವುಗಳಲ್ಲಿ ಸ್ನಾಯುವೇ ಇಲ್ಲದಿದ್ದರೆ, ‘ಆಳಕ್ಕೆ ಇಳಿದಿಲ್ಲ’ ಅನ್ನುವ ಮಾತನ್ನು ಎಷ್ಟು ನಂಬುವುದು? ಇಷ್ಟೆಲ್ಲ ಅನುಮಾನ ಇರುವಾಗ ಪದವನ್ನು ಮೆದು ಮಾಡಲು ನನಗೆ ಧೈರ್ಯ ಬರುವುದಿಲ್ಲ. ಪಾಲಿಸಿಯ ವ್ಯಾಖ್ಯೆಯ ಬಗ್ಗೆ ಹೇಳುವವರಿದ್ದಾರೆ. ಅದು ಪಾಲಿಸಿ ಬರೆಯುವವರು ಸರಿಮಾಡಬೇಕಾದ್ದು.

ಒಬ್ಬರನ್ನು ನಾನು ಮರೆತಿಲ್ಲ. ಲಾರಿ ಡ್ರೈವರ್, ಐವತ್ತರ ಆಸುಪಾಸು, ದಿನಕ್ಕೆ ಎರಡು ಕಟ್ಟು ಬೀಡಿ. ಗಡ್ಡೆ ತೆಗೆದ ಮೇಲೆ ಅವರ ಹೆಂಡತಿ ಅಳುತ್ತಿದ್ದರು. ಅವರಿಗೆ ಸಮಾಧಾನ ಆಗಲಿ ಅಂತ ನಾನೇ ಹೇಳಿದೆ, “ಸಣ್ಣ ಗಡ್ಡೆ ಅಮ್ಮಾ, ತೆಗೆದಾಯ್ತು. ಕ್ಯಾನ್ಸರ್ ಅಂತ ತಲೆ ಕೆಡಿಸ್ಕೋಬೇಡಿ.” ಮೂರು ತಿಂಗಳಿಗೆ ಬನ್ನಿ ಅಂತಲೂ ಹೇಳಿ, ಚೀಟಿಯಲ್ಲಿ ತಾರೀಕು ಬರೆದುಕೊಟ್ಟಿದ್ದೆ. ಅವರು ಬಂದಿದ್ದು ನಾಲ್ಕು ವರ್ಷದ ಮೇಲೆ, ಒಂದು ರಾತ್ರಿ. ಹೆಪ್ಪುಗಟ್ಟಿದ ರಕ್ತ ದಾರಿಗೆ ಅಡ್ಡ ನಿಂತು ಮೂತ್ರವೇ ಕಟ್ಟಿತ್ತು. ಹೊಟ್ಟೆ ಕಲ್ಲಿನ ಹಾಗಿತ್ತು. ಈ ಸಲ ಗಡ್ಡೆ ಹೈ ಗ್ರೇಡ್, ಸ್ನಾಯುವಿಗೂ ಇಳಿದಿತ್ತು. ಮೂತ್ರಕೋಶವನ್ನೇ ತೆಗೆಯಬೇಕಾಯಿತು. ಕರುಳಿನ ಒಂದು ತುಂಡಿನಲ್ಲಿ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಅಂಟಿಸಿದೆವು.

ಯಾಕೆ ಬರಲಿಲ್ಲ ಅಂತ ಕೇಳಿದೆ. “ನೀವೇ ಹೇಳಿದ್ರಲ್ಲ ಸಾರ್, ಕ್ಯಾನ್ಸರ್ ಅಲ್ಲ ಅಂತ,” ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

ಈಗ ನಾನು ರೋಗಿ ಮತ್ತು ಮನೆಯವರನ್ನು ಒಟ್ಟಿಗೆ ಕೂರಿಸಿಕೊಂಡು ಆ ಪದವನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರುತ್ತೇನೆ. ಅವರು ಕೇಳುವುದನ್ನೆಲ್ಲ ಕೇಳಲಿ ಅಂತ.